ಹಾರ್ಡ್ ಡಿಸ್ಕ್ ಕಾಣಿಸುತ್ತಿಲ್ಲವೇ? ಎಲ್ಲಿ ಕೈಕೊಟ್ಟಿದೆ ಎಂದು ಹುಡುಕುವ ಕ್ರಮ

ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ನಿಮಗೆ ಬೇಕಾಗಿರುವುದು ಡ್ರೈವೋ, ಅದರೊಳಗಿನ ಫೈಲುಗಳೋ?

ಎರಡಕ್ಕೂ ದಾರಿ ಬೇರೆ. ಫೈಲುಗಳ ಇನ್ನೊಂದು ಪ್ರತಿ ಬೇರೆ ಕಡೆ ಇದ್ದರೆ ಧೈರ್ಯವಾಗಿ ಏನು ಬೇಕಾದರೂ ಮಾಡಿ ನೋಡಬಹುದು. ಡ್ರೈವ್ ಹೋದರೆ ಹೊಸದು ತಂದರಾಯಿತು. ಇರುವುದು ಅದೊಂದೇ ಪ್ರತಿ ಅಂತಾದರೆ ಪ್ರತಿ ಹೆಜ್ಜೆಗೂ ಮುಂಚೆ ನಿಂತು ಯೋಚಿಸಬೇಕು. ನಾನು ನೋಡಿದ ಮಟ್ಟಿಗೆ, ಡ್ರೈವ್ ಕೆಟ್ಟು ಹೋದ ಫೈಲುಗಳಿಗಿಂತ ಗಾಬರಿಯಲ್ಲಿ ಏನೋ ಒತ್ತಿ ಕಳೆದುಕೊಂಡ ಫೈಲುಗಳೇ ಜಾಸ್ತಿ.

ಡೊಂಬಿವಲಿ, ಮುಲುಂಡ್, ಮಾಟುಂಗಾದ ನಮ್ಮವರು, ಪುಣೆಯ ಪಿಂಪ್ರಿ-ಚಿಂಚವಾಡದವರು, ಗೋವಾದಲ್ಲಿ ವಾಸ್ಕೊ ಕಡೆಯವರು, ಎಲ್ಲರೂ ಫೋನ್ ಮಾಡಿ ಕೇಳುವುದು ಒಂದೇ: "ಅಣ್ಣಾ, ನಿನ್ನೆವರೆಗೂ ಇತ್ತು, ಇವತ್ತು ಡ್ರೈವೇ ಕಾಣ್ತಾ ಇಲ್ಲ. ಏನು ಮಾಡೋದು?" ಒಬ್ಬರ ಡ್ರೈವಿನಲ್ಲಿ ಅಪ್ಪ ಅಮ್ಮನ ಷಷ್ಟ್ಯಬ್ದಿಯ ವಿಡಿಯೊ. ಇನ್ನೊಬ್ಬರದ್ದರಲ್ಲಿ ಹತ್ತು ವರ್ಷದ ಯಕ್ಷಗಾನದ ರೆಕಾರ್ಡಿಂಗ್. ಮತ್ತೊಬ್ಬರದ್ದು ಹೋಟೆಲಿನ ಗಲ್ಲಾ ಪಕ್ಕದ ಕಂಪ್ಯೂಟರ್, ಅದರೊಳಗೆ ಟ್ಯಾಲಿಯ ಲೆಕ್ಕ. ಫೋನಿನಲ್ಲಿ ತುಂಡುತುಂಡಾಗಿ ಹೇಳುತ್ತಿದ್ದುದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಕ್ರಮ ತಪ್ಪಿಸದೆ ಮಾಡಿ. ಮೊದಲ ಹಂತ ಬಿಟ್ಟು ನಾಲ್ಕನೆಯದಕ್ಕೆ ಹಾರಬೇಡಿ.

ಮೊದಲು ಕೆಲವು ಪದಗಳು

ಹಾರ್ಡ್ ಡಿಸ್ಕ್ ಅಂದರೆ ಒಳಗೆ ತಿರುಗುವ ತಟ್ಟೆ ಇರುವ ಡ್ರೈವ್. ತಟ್ಟೆಯ ಮೇಲೆ ಓದುವ ಹೆಡ್ ಕೂದಲೆಳೆಗಿಂತ ಸಾವಿರಾರು ಪಟ್ಟು ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ, ಬರೀ ಚಿಪ್ಪುಗಳು. ಸಾಟಾ ಅಂದರೆ ಡ್ರೈವನ್ನು ಮದರ್‌ಬೋರ್ಡಿಗೆ, ಅಂದರೆ ಕಂಪ್ಯೂಟರಿನ ಮುಖ್ಯ ಬೋರ್ಡಿಗೆ, ಜೋಡಿಸುವ ಚಪ್ಪಟೆ ಕನೆಕ್ಟರಿನ ವ್ಯವಸ್ಥೆ. ಎನ್‌ವಿಎಂಇ ಅದಕ್ಕಿಂತ ವೇಗದ ಬಗೆ. ಸಾಮಾನ್ಯವಾಗಿ ಚೂಯಿಂಗ್ ಗಮ್ ಪಟ್ಟಿಯಷ್ಟು ಸಣ್ಣ ಎಂ.2 ಕಾರ್ಡಿನ ರೂಪದಲ್ಲಿ ಬರುತ್ತದೆ. ಬಯೋಸ್ ಅಂದರೆ ವಿಂಡೋಸ್ ಶುರುವಾಗುವ ಮುಂಚೆಯೇ ಏಳುವ, ಮದರ್‌ಬೋರ್ಡಿನಲ್ಲೇ ಕೂತಿರುವ ಸಣ್ಣ ತಂತ್ರಾಂಶ. ಪಾರ್ಟಿಶನ್ ಅಂದರೆ ಒಂದು ಡ್ರೈವಿನಲ್ಲಿ ಮಾಡಿಕೊಂಡ ಕೋಣೆ. ಸಿ, ಡಿ, ಇ ಅನ್ನುವುದು ಆ ಕೋಣೆಗಳ ಹೆಸರು.

"ಕಾಣಿಸುತ್ತಿಲ್ಲ" ಅನ್ನುವ ಒಂದೇ ಮಾತಿನಲ್ಲಿ ನಾಲ್ಕು ಬೇರೆ ತೊಂದರೆಗಳಿವೆ. ಡ್ರೈವಿಗೆ ಕರೆಂಟೇ ತಲುಪದೆ ಇರಬಹುದು. ಕರೆಂಟ್ ಇದ್ದೂ ಬಯೋಸಿಗೆ ಕಾಣದೆ ಇರಬಹುದು. ಬಯೋಸಿಗೆ ಕಂಡು ವಿಂಡೋಸಿಗೆ ಕಾಣದೆ ಇರಬಹುದು. ಕೊನೆಯದಾಗಿ, ವಿಂಡೋಸಿಗೆ ಗೊತ್ತಿದ್ದೂ ಅಕ್ಷರ ಸಿಗದೆ ಇರಬಹುದು. ನಾವು ಹುಡುಕುವುದು ಈ ನಾಲ್ಕರಲ್ಲಿ ಯಾವುದು ಅಂತ. ಡ್ರೈವ್ ಎಷ್ಟು ಮುಂದಿನ ಹಂತದವರೆಗೆ ಕಾಣಿಸಿಕೊಂಡಿದೆಯೋ, ಸಾಮಾನ್ಯವಾಗಿ ತೊಂದರೆ ಅಷ್ಟು ಹಗುರ.

ಕೈಯಲ್ಲಿ ಏನೇನು ಬೇಕು

ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು ಹೆಚ್ಚುವರಿ ಸಾಟಾ ಕೇಬಲ್, ಸಾಟಾದಿಂದ ಯುಎಸ್‌ಬಿಗೆ ಬದಲಿಸುವ ಕನ್ವರ್ಟರ್, ಮತ್ತು ಕೆಟ್ಟಿರುವ ಡ್ರೈವಿಗಿಂತ ದೊಡ್ಡದಾದ ಇನ್ನೊಂದು ಡ್ರೈವ್. ಮುಂಬೈಯವರಿಗೆ ಇವೆಲ್ಲ ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರದ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತವೆ. ಪುಣೆಯವರು ಬುಧವಾರ ಪೇಠೆ ಕಡೆ ಕೇಳಿ. 3.5 ಇಂಚಿನ ದೊಡ್ಡ ಡಿಸ್ಕ್ ಇದ್ದರೆ ತನ್ನದೇ ಅಡಾಪ್ಟರ್ ಇರುವ ಕನ್ವರ್ಟರ್ ಕೇಳಿ ತನ್ನಿ. ಅದಕ್ಕೆ 12 ವೋಲ್ಟ್ ಬೇಕು, ಯುಎಸ್‌ಬಿಯ 5 ವೋಲ್ಟ್ ಸಾಲದು. ಇದು ಗೊತ್ತಿಲ್ಲದೆ ಅಗ್ಗದ ಕನ್ವರ್ಟರ್ ತಂದು, ಡಿಸ್ಕ್ ತಿರುಗಲಿಲ್ಲ ಅಂತ ಹೆದರಿದವರು ಬಹಳ ಮಂದಿ.

ಹಂತ 1: ಕಿವಿ ಕೊಟ್ಟು ಕೇಳಿ

ಇದು ತಿರುಗುವ ಹಾರ್ಡ್ ಡಿಸ್ಕಿಗೆ ಮಾತ್ರ. ಫ್ಯಾನ್, ಟಿವಿ ಎಲ್ಲ ಆಫ್ ಮಾಡಿ. ಡಿಸ್ಕಿಗೆ ಕರೆಂಟ್ ಕೊಟ್ಟು ಹತ್ತು ಹದಿನೈದು ಸೆಕೆಂಡು ಕೇಳಿ.

ನುಣುಪಾದ ಒಂದೇ ಸಮನೆಯ ಸದ್ದು ಬಂದರೆ ಮೋಟಾರ್ ತಿರುಗುತ್ತಿದೆ. ಮುಂದಿನ ಹಂತಕ್ಕೆ ಹೋಗಿ.

ಟಿಕ್, ಟಿಕ್, ಟಿಕ್ ಅಂತ ಲೆಕ್ಕ ಹಾಕಿದ ಹಾಗೆ ಬಡಿಯುತ್ತಿದ್ದರೆ ಹೆಡ್ ತನ್ನ ಜಾಗ ಹುಡುಕಿ ಸೋಲುತ್ತಿದೆ ಅಂತ ಅರ್ಥ. ಸಣ್ಣಗೆ ಬೀಪ್ ಅಥವಾ ಗುಂಯ್ ಅಂತ ಕೇಳಿಸಿ ತಟ್ಟೆ ತಿರುಗದಿದ್ದರೆ ಹೆಡ್ ತಟ್ಟೆಗೆ ಅಂಟಿಕೊಂಡಿರಬಹುದು, ಅಥವಾ ಮೋಟಾರ್ ಹಿಡಿದುಕೊಂಡಿರಬಹುದು. ಕರಕರ ಅಂತ ಉಜ್ಜುವ ಸದ್ದು ಎಲ್ಲಕ್ಕಿಂತ ಕೆಟ್ಟದ್ದು. ಹೆಡ್ ತಟ್ಟೆಯನ್ನೇ ಕೆರೆಯುತ್ತಿದೆ, ಅಂದರೆ ನಿಮ್ಮ ಫೈಲುಗಳು ಇರುವ ಪದರವನ್ನೇ.

ಈ ಮೂರರಲ್ಲಿ ಯಾವುದೇ ಸದ್ದು ಬಂದು ಫೈಲುಗಳು ಬೇಕಾಗಿದ್ದರೆ, ಅಲ್ಲಿಗೆ ನಿಲ್ಲಿಸಿ. ಕರೆಂಟ್ ತೆಗೆಯಿರಿ. ಇನ್ನೊಂದು ಸಲ ನೋಡೋಣ ಅಂತ ಹಾಕಬೇಡಿ. ಪ್ರತಿ ಸಲ ಹಾಕಿದಾಗಲೂ ಉಳಿದಿರುವುದರಲ್ಲಿ ಇನ್ನಷ್ಟು ಹೋಗಬಹುದು. ನೀವು ನೇರವಾಗಿ ಕೊನೆಯ ಭಾಗ ಓದಿ. ಯುಎಸ್‌ಬಿ ಹಬ್ ಅಥವಾ ಉದ್ದನೆಯ ಕೇಬಲಿಗೆ ಹಾಕಿ ಟಿಕ್ ಸದ್ದು ಕೇಳಿದ್ದರೆ ಮಾತ್ರ, ಅದಕ್ಕೂ ಮೊದಲು ಹಂತ 2ರ ಶುರು ಓದಿ.

ಮೂರು ಕೆಲಸ ಯಾವ ಕಾರಣಕ್ಕೂ ಬೇಡ. ಒಂದು, ಡಿಸ್ಕನ್ನು ಫ್ರೀಜರಿನಲ್ಲಿ ಇಡುವುದು. ಮುಂಬೈ, ಗೋವಾದಂಥ ತೇವದ ಗಾಳಿಯಲ್ಲಿ ಹೊರಗೆ ತೆಗೆದ ಕೂಡಲೇ ತಂಪು ಲೋಹದ ಮೇಲೆ ನೀರು ಕಟ್ಟುತ್ತದೆ. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುವುದನ್ನು ನೋಡಿದ್ದೀರಿ ಅಲ್ವಾ, ಅದೇ ಡಿಸ್ಕಿಗೂ ಆಗುತ್ತದೆ. ಎರಡು, ಮೇಜಿಗೆ ತಟ್ಟುವುದು. ಮೂರು, ಮುಚ್ಚಳ ಬಿಚ್ಚಿ ನೋಡುವುದು. ಕೋಣೆಯ ಗಾಳಿಯಲ್ಲಿರುವ ಒಂದು ಧೂಳಿನ ಕಣ ಹೆಡ್ಡಿನ ಅಡಿಯ ಜಾಗಕ್ಕಿಂತ ಎಷ್ಟೋ ದೊಡ್ಡದು.

ಸದ್ದೇ ಇಲ್ಲ, ಕೈಗೆ ನಡುಕವೂ ತಿಳಿಯುತ್ತಿಲ್ಲ ಅಂದರೆ ಹೆಚ್ಚಾಗಿ ಕರೆಂಟಿನ ಸಮಸ್ಯೆ. ಬನ್ನಿ.

ಹಂತ 2: ಕೇಬಲ್, ಪೋರ್ಟ್, ಕರೆಂಟ್

ಅರ್ಧಕ್ಕರ್ಧ ಕೇಸು ಇಲ್ಲೇ ಮುಗಿಯುತ್ತದೆ ಅನ್ನುವುದು ನನ್ನ ಅನುಭವ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸಿ.

ಹೊರಗಿನಿಂದ ಚುಚ್ಚುವ ಸಣ್ಣ ಡ್ರೈವ್ ಆದರೆ ಮೊದಲು ಯುಎಸ್‌ಬಿ ಹಬ್ ತೆಗೆದುಬಿಡಿ. ನೇರವಾಗಿ ಕಂಪ್ಯೂಟರಿಗೆ ಚುಚ್ಚಿ. ಡೆಸ್ಕ್‌ಟಾಪ್ ಆಗಿದ್ದರೆ ಮುಂದಿನ ಪೋರ್ಟ್ ಬಿಟ್ಟು ಹಿಂದೆ, ಮದರ್‌ಬೋರ್ಡಿನ ಮೇಲೇ ಇರುವ ಪೋರ್ಟಿಗೆ ಹಾಕಿ. ಹಳೆಯ ಯುಎಸ್‌ಬಿ 2 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್, ಯುಎಸ್‌ಬಿ 3 ಕೊಡುವುದು 900. ಮೋಟಾರ್ ತಿರುಗಲು ಶುರುವಾಗುವ ಹೊತ್ತಿಗೆ ಡ್ರೈವಿಗೆ ಜಾಸ್ತಿ ಕರೆಂಟ್ ಬೇಕು. ಅದು ಸಿಗದಿದ್ದರೆ ಲೈಟ್ ಉರಿಯುತ್ತದೆ, ಡ್ರೈವ್ ಏಳುವುದಿಲ್ಲ. ಕೆಲವೊಮ್ಮೆ ಟಿಕ್ ಅಂತ ಸದ್ದೂ ಮಾಡುತ್ತದೆ. ಹಂತ 1ರಲ್ಲಿ ಹಬ್ ಅಥವಾ ಉದ್ದನೆಯ ಕೇಬಲಿಗೆ ಹಾಕಿ ಆ ಸದ್ದು ಕೇಳಿದ್ದರೆ, ಒಳ್ಳೆಯ ಪೋರ್ಟಿಗೆ ಗಿಡ್ಡ ಕೇಬಲಿನಲ್ಲಿ ಒಂದೇ ಒಂದು ಸಲ ಹಾಕಿ ನೋಡಬಹುದು. ಆಗಲೂ ಬಡಿದರೆ ನಿಲ್ಲಿಸಿ.

ಕೇಬಲ್ ಬದಲಿಸಿ ನೋಡಿ. ಪೋರ್ಟಬಲ್ ಡ್ರೈವುಗಳ ಅಗಲ ಮೂತಿಯ ಕೇಬಲ್ ಬಹಳ ಸಲ ಸಡಿಲವಾಗುತ್ತದೆ. ಟೈಪ್ ಸಿ ಕೇಬಲ್ ಆದರೆ ಇನ್ನೊಂದು ಮೋಸವಿದೆ. ಕೆಲವು ಕೇಬಲ್ ಬರೀ ಚಾರ್ಜಿಂಗಿಗೆ ಮಾತ್ರ, ಡೇಟಾ ಹೋಗುವುದಿಲ್ಲ. ನೋಡಲು ಎರಡೂ ಒಂದೇ ಥರ.

ಸ್ವಂತ ಅಡಾಪ್ಟರ್ ಇರುವ ದೊಡ್ಡ ಡ್ರೈವ್ ಆದರೆ ಅಡಾಪ್ಟರಿನ ಮೇಲೆ ಬರೆದ ವೋಲ್ಟೇಜ್ ಓದಿ. ಹೆಚ್ಚಿನವು 12 ವೋಲ್ಟಿನವು. ಮನೆಯಲ್ಲಿ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರೂ ಇರುತ್ತದೆ, ಕೆಲವೊಮ್ಮೆ ಪಿನ್ನೂ ಸರಿಯಾಗಿ ಕೂರುತ್ತದೆ. ತಪ್ಪಿ ಅದನ್ನು ಚುಚ್ಚಿದರೆ ಡ್ರೈವಿನ ಬೋರ್ಡ್ ಸುಟ್ಟುಹೋಗಬಹುದು. ಇವತ್ತೇ ಎಲ್ಲ ಅಡಾಪ್ಟರಿಗೂ ಒಂದು ಚೀಟಿ ಅಂಟಿಸಿ, ಯಾವುದು ಯಾವುದಕ್ಕೆ ಅಂತ ಬರೆದಿಡಿ.

ಕಂಪ್ಯೂಟರಿನ ಒಳಗಿನ ಡ್ರೈವ್ ಆದರೆ ಪವರ್ ಆಫ್ ಮಾಡಿ, ಗೋಡೆಯ ಪ್ಲಗ್ ತೆಗೆದು, ಕೇಸಿನ ಬರಿ ಲೋಹವನ್ನು ಮುಟ್ಟಿ ಮೈಯ ಸ್ಟ್ಯಾಟಿಕ್ ಕರೆಂಟ್ ಕಳೆದುಕೊಳ್ಳಿ. ಆಮೇಲೆ ಎರಡೂ ಕೇಬಲ್ ಬಿಚ್ಚಿ ಮತ್ತೆ ಹಾಕಿ. ಸಾಟಾದಲ್ಲಿ 7 ಪಿನ್ನಿನ ಸಣ್ಣದು ಡೇಟಾಗೆ, 15 ಪಿನ್ನಿನ ಅಗಲದ್ದು ಕರೆಂಟಿಗೆ. ಸಮುದ್ರದ ಕಡೆಯ ಮನೆಗಳಲ್ಲಿ ಉಪ್ಪುಗಾಳಿಗೆ ಈ ಪಿನ್ನುಗಳ ಮೇಲೆ ಮಬ್ಬು ಕಟ್ಟುವುದು ಮಾಮೂಲು. ಹೋಟೆಲ್ ಕಂಪ್ಯೂಟರುಗಳಲ್ಲಂತೂ ಎಣ್ಣೆ ಹೊಗೆ, ಧೂಳು ಸೇರಿ ಜಿಡ್ಡೇ ಇರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಇಯರ್ ಬಡ್‌ನಿಂದ ಮೆಲ್ಲಗೆ ಒರೆಸಿ, ಪೂರ್ತಿ ಒಣಗಲು ಬಿಡಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ. ಅದರಲ್ಲಿ ನೀರಿರುತ್ತದೆ, ಗ್ಲಿಸರಿನ್ ಇರುತ್ತದೆ.

ಸಾಟಾ ಕೇಬಲನ್ನು ಬದಲಿಸಿ, ಮದರ್‌ಬೋರ್ಡಿನಲ್ಲಿ ಬೇರೆ ಪೋರ್ಟಿಗೂ ಹಾಕಿ ನೋಡಿ. ಆದರೆ ಪವರ್ ಸಪ್ಲೈಯ ಕೇಬಲ್ ಮಾತ್ರ ಬೇರೆ ಪವರ್ ಸಪ್ಲೈಯದ್ದನ್ನು ತಂದು ಹಾಕಬೇಡಿ. ಬಿಚ್ಚಿ ಹಾಕುವಂಥ ಕೇಬಲುಗಳ ಡ್ರೈವ್ ಕಡೆಯ ತುದಿ ಎಲ್ಲ ಕಂಪನಿಯದ್ದೂ ಒಂದೇ. ಪವರ್ ಸಪ್ಲೈ ಕಡೆಯ ತುದಿಯಲ್ಲಿ ತಂತಿಗಳ ಜೋಡಣೆ ಬೇರೆ ಬೇರೆ. ಸರಿಯಾಗಿಯೇ ಕೂರುತ್ತದೆ. ಸ್ವಿಚ್ ಹಾಕಿದರೆ 5 ವೋಲ್ಟ್ ಹೋಗಬೇಕಾದಲ್ಲಿ 12 ಹೋಗಿ ಒಳಗಿನ ಡ್ರೈವುಗಳೆಲ್ಲ ಒಟ್ಟಿಗೆ ಸುಡಬಹುದು.

ಎಂ.2 ಕಾರ್ಡ್ ಆದರೆ ಸ್ಕ್ರೂ ತೆಗೆದು, ಹೊರಗೆ ಎಳೆದು, ಓರೆಯಾಗಿ ಪೂರ್ತಿ ಒಳಗೆ ತಳ್ಳಿ, ಒತ್ತಿ ಸ್ಕ್ರೂ ಹಾಕಿ. ಸ್ವಲ್ಪ ಹೊರಗುಳಿದರೂ ಕಾಣಿಸದೆ ಇರಬಹುದು. ಹೊಸದಾಗಿ ಹಾಕಿದ ಕಾರ್ಡ್ ಕಾಣುತ್ತಿಲ್ಲ ಅಂದರೆ ಮದರ್‌ಬೋರ್ಡಿನ ಪುಸ್ತಕ ನೋಡಿ. ಎಂ.2 ರೂಪದಲ್ಲಿ ಸಾಟಾ ಕಾರ್ಡೂ ಬರುತ್ತದೆ, ಎನ್‌ವಿಎಂಇ ಕಾರ್ಡೂ ಬರುತ್ತದೆ. ಒಂದನ್ನು ಮಾತ್ರ ಒಪ್ಪುವ ಸ್ಲಾಟುಗಳಿವೆ. ಇನ್ನೊಂದು ವಿಷಯ: ಕೆಲವು ಬೋರ್ಡುಗಳಲ್ಲಿ ಎಂ.2 ಸ್ಲಾಟ್ ಬಳಸಿದ ಕೂಡಲೇ ಒಂದೆರಡು ಸಾಟಾ ಪೋರ್ಟ್ ತಾವಾಗಿಯೇ ಬಂದ್ ಆಗುತ್ತವೆ. ಹೊಸ ಎಸ್‌ಎಸ್‌ಡಿ ಹಾಕಿದ ದಿನವೇ ಹಳೆಯ ಹಾರ್ಡ್ ಡಿಸ್ಕ್ ಮಾಯವಾಗಿದ್ದರೆ ಹೆಚ್ಚಾಗಿ ಅದು ಕೆಟ್ಟಿರುವುದಿಲ್ಲ, ಪೋರ್ಟ್ ಬದಲಿಸಿ ನೋಡಿ.

ಹಂತ 3: ಬಯೋಸಿನಲ್ಲಿ ಹೆಸರು ಇದೆಯೇ?

ಬಯೋಸಿಗೆ ಹೋಗುವ ಮುಂಚೆ ಒಂದು ಎಚ್ಚರಿಕೆ. ವಿಂಡೋಸ್ 10, 11ರ ಅನೇಕ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್, ಅಂದರೆ ಡ್ರೈವಿಗೆ ಹಾಕುವ ಬೀಗ, ನಿಮಗೆ ಗೊತ್ತಿಲ್ಲದೆಯೇ ಆನ್ ಆಗಿರಬಹುದು. ಬಯೋಸಿನಲ್ಲಿ ಏನಾದರೂ ಬದಲಿಸಿದರೆ ಮುಂದಿನ ಸಲ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಫೋನಿನಿಂದ ಲಾಗಿನ್ ಆಗಿ ಆ ಕೀ ಇದೆಯೇ ನೋಡಿ, ಕಾಗದದಲ್ಲಿ ಬರೆದುಕೊಳ್ಳಿ. ಕೀ ಕಳೆದುಹೋದರೆ ಡ್ರೈವ್ ಗಟ್ಟಿಮುಟ್ಟಾಗಿದ್ದರೂ ಫೈಲುಗಳು ಸಿಗುವುದಿಲ್ಲ. ಯಾವ ರಿಪೇರಿಯವರೂ ಅದನ್ನು ತೆಗೆದುಕೊಡಲಾರರು.

ಈಗ ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಕೀ ಒತ್ತುತ್ತಾ ಇರಿ. ಡೆಲ್, ಏಸರ್, ಏಸುಸ್ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಎಫ್2, ಎಚ್‌ಪಿಯಲ್ಲಿ ಎಫ್10, ಡೆಸ್ಕ್‌ಟಾಪುಗಳಲ್ಲಿ ಡಿಲೀಟ್ ಕೀ. ಒಳಗೆ ಸ್ಟೋರೇಜ್ ಅಥವಾ ಬೂಟ್ ಅನ್ನುವ ಪುಟದಲ್ಲಿ ಡ್ರೈವಿನ ಮಾಡೆಲ್ ಹೆಸರು, ಸೈಜು ಇದೆಯೇ ನೋಡಿ. ಸುಮ್ನೆ ನೋಡಿ, ಬದಲಿಸಬೇಡಿ.

ಹೆಸರು, ಸೈಜು ಎರಡೂ ಸರಿಯಾಗಿದ್ದರೆ ಒಳ್ಳೆಯ ಸುದ್ದಿ. ಹಂತ 4ಕ್ಕೆ ಹೋಗಿ. ಹೆಸರು ವಿಚಿತ್ರವಾಗಿದ್ದರೆ, ಸೈಜು ಸೊನ್ನೆ ಅಂತ ಬಂದರೆ, ಡ್ರೈವಿನ ಒಳಗಿನ ತಂತ್ರಾಂಶವೇ ಕೆಟ್ಟಿರುವ ಲಕ್ಷಣ. ಅದು ಮನೆಯಲ್ಲಿ ಸರಿಯಾಗುವಂಥದ್ದಲ್ಲ. ಹೆಸರೇ ಇಲ್ಲದಿದ್ದರೆ ಹಂತ 5ಕ್ಕೆ, ಎಸ್‌ಎಸ್‌ಡಿ ಆದರೆ ಹಂತ 6ಕ್ಕೂ ಹೋಗಿ.

ಕಂಪ್ಯೂಟರಿನ ತಾರೀಕು ಹಿಂದೆ ಹೋಗಿದೆಯೇ ಅಂತಲೂ ನೋಡಿ. ಹೋಗಿದ್ದರೆ ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ, ಸಾಮಾನ್ಯವಾಗಿ ಸಿಆರ್2032, ಸತ್ತಿದೆ. ಆಗ ಬಯೋಸಿನ ಸೆಟ್ಟಿಂಗ್ ಎಲ್ಲ ಮೊದಲಿನ ಸ್ಥಿತಿಗೆ ಹೋಗಬಹುದು, ಸಾಟಾ ಮೋಡ್, ಅಂದರೆ ಕಂಪ್ಯೂಟರ್ ಡ್ರೈವಿನ ಜೊತೆ ಮಾತಾಡುವ ರೀತಿಯೂ ಬದಲಾಗಬಹುದು. ಹಳೆಯ ಕಂಪ್ಯೂಟರುಗಳಲ್ಲಿ "ಡ್ರೈವ್ ಹೋಯಿತು" ಅಂದುಕೊಂಡಿದ್ದು ಎಷ್ಟೋ ಸಲ ಈ ಸಣ್ಣ ಬ್ಯಾಟರಿಯಿಂದ ಸರಿಹೋಗಿದೆ.

ಹೊಸದಾಗಿ ವಿಂಡೋಸ್ ಹಾಕುವಾಗ ಮಾತ್ರ ಡ್ರೈವ್ ಕಾಣುವುದಿಲ್ಲ ಅಂತ ಕೇಳುವವರಿಗೆ: ಇಂಟೆಲ್‌ನ 11ನೇ ತಲೆಮಾರು ಮತ್ತು ಆಮೇಲಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ವಿಎಂಡಿ ಅನ್ನುವ ವ್ಯವಸ್ಥೆ ಆನ್ ಇರುತ್ತದೆ. ವಿಂಡೋಸ್ ಇನ್‌ಸ್ಟಾಲರಿಗೆ ಅದರ ಡ್ರೈವರ್, ಅಂದರೆ ಅದನ್ನು ಗುರುತಿಸಲು ಬೇಕಾದ ಸಣ್ಣ ತಂತ್ರಾಂಶ, ಬೇಕು. ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಪೆನ್ ಡ್ರೈವಿಗೆ ಹಾಕಿ, "ಲೋಡ್ ಡ್ರೈವರ್" ಒತ್ತಿ ತೋರಿಸಿ. ಡ್ರೈವ್ ಕೂಡಲೇ ಕಾಣಿಸುತ್ತದೆ. ಅಂಗಡಿಗೆ ಹೋಗಿ ಎಸ್‌ಎಸ್‌ಡಿ ಬದಲಿಸುವ ಅಗತ್ಯ ಇಲ್ಲ.

ಹಂತ 4: ಡಿಸ್ಕ್ ಮ್ಯಾನೇಜ್‌ಮೆಂಟ್

ವಿಂಡೋಸ್ ಕೀ ಹಿಡಿದು ಎಕ್ಸ್ ಒತ್ತಿ, ಪಟ್ಟಿಯಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಅತಿ ಹೆಚ್ಚು ಜನ ಫೈಲ್ ಕಳೆದುಕೊಳ್ಳುವುದು ಈ ಪರದೆಯಲ್ಲಿ. ತೆರೆದ ಕೂಡಲೇ "ಇನಿಶಿಯಲೈಸ್ ಡಿಸ್ಕ್", ಅಂದರೆ ಡ್ರೈವನ್ನು ಹೊಸದರ ಹಾಗೆ ಬಳಕೆಗೆ ಸಿದ್ಧಮಾಡಲೇ ಅಂತ ಕೇಳುವ ಒಂದು ಪೆಟ್ಟಿಗೆ ಬರಬಹುದು. ಇಲ್ಲವೇ ಡ್ರೈವ್ ಮೇಲೆ ಕ್ಲಿಕ್ ಮಾಡಿದಾಗ "ಬಳಸುವ ಮುಂಚೆ ಫಾರ್ಮ್ಯಾಟ್ ಮಾಡಬೇಕು" ಅಂತ ಕೇಳಬಹುದು. ಎರಡಕ್ಕೂ ಕ್ಯಾನ್ಸಲ್ ಒತ್ತಿ. ವಿಂಡೋಸ್ ಬಹಳ ವಿನಯದಿಂದ, ಸಹಾಯ ಮಾಡುವ ಹಾಗೆ ಕೇಳುತ್ತದೆ. ಆದರೆ ಅದು ನಿಮ್ಮ ಫೈಲುಗಳನ್ನು ಕಾಪಾಡುವ ಬಟನ್ ಅಲ್ಲ. ನಮ್ಮ ಬಿಲ್ಡಿಂಗಿನ ಒಬ್ಬರ ಡ್ರೈವನ್ನು ಒಂದು ಅಂಗಡಿಯಲ್ಲಿ ಹೀಗೆಯೇ ಓಕೆ ಒತ್ತಿ, ಫಾರ್ಮ್ಯಾಟ್ ಮಾಡಿ, "ಸರಿಯಾಯಿತು" ಅಂತ ವಾಪಸ್ ಕೊಟ್ಟಿದ್ದರು. ಡ್ರೈವ್ ಸರಿಯಾಗಿತ್ತು. ಮಗಳ ಬಾಲ್ಯದ ಫೋಟೋಗಳು ಇರಲಿಲ್ಲ.

ಈಗ ಕೆಳಗಿನ ಸಾಲುಗಳಲ್ಲಿ ನಿಮ್ಮ ಡ್ರೈವನ್ನು ಸೈಜಿನಿಂದ ಗುರುತಿಸಿ.

ಪಾರ್ಟಿಶನ್ ಸರಿಯಾಗಿದ್ದು ಅಕ್ಷರ ಮಾತ್ರ ಇಲ್ಲದಿದ್ದರೆ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ "ಚೇಂಜ್ ಡ್ರೈವ್ ಲೆಟರ್" ಆರಿಸಿ ಒಂದು ಅಕ್ಷರ ಕೊಡಿ. ಮುಗಿಯಿತು. ಫೈಲುಗಳಿಗೆ ಏನೂ ಆಗುವುದಿಲ್ಲ.

"ಆಫ್‌ಲೈನ್" ಅಂತಿದ್ದರೆ ಎಡಗಡೆಯ ಡಿಸ್ಕ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಆನ್‌ಲೈನ್ ಮಾಡಿ. ಒಂದು ಡ್ರೈವನ್ನು ಪೂರ್ತಿ ನಕಲು ಮಾಡಿ ಎರಡನ್ನೂ ಒಟ್ಟಿಗೆ ಹಾಕಿದಾಗ ಹೀಗಾಗುತ್ತದೆ. ಎರಡರ ಗುರುತೂ ಒಂದೇ ಆಗಿರುವುದರಿಂದ ವಿಂಡೋಸ್ ಒಂದನ್ನು ಹೊರಗಿಡುತ್ತದೆ.

"ರಾ" ಅಂತ ತೋರಿಸಿದರೆ ವಿಂಡೋಸಿಗೆ ಆ ಕೋಣೆಯ ಬರಹ ಓದಲು ಬರುತ್ತಿಲ್ಲ ಅಂತ ಅರ್ಥ. ಮೊದಲು ನೆನಪು ಮಾಡಿಕೊಳ್ಳಿ: ಈ ಡ್ರೈವನ್ನು ಮ್ಯಾಕ್ ಅಥವಾ ಲಿನಕ್ಸಿನಲ್ಲಿ ಬಳಸಿದ್ದಿರಾ? ಹಾಗಿದ್ದರೆ ಅದು ಕೆಟ್ಟೇ ಇಲ್ಲದಿರಬಹುದು, ವಿಂಡೋಸಿಗೆ ಆ ಭಾಷೆ ಬರುವುದಿಲ್ಲ ಅಷ್ಟೆ. ಯುಎಸ್‌ಬಿ ಪೆಟ್ಟಿಗೆಯೊಳಗಿನ ಡಿಸ್ಕನ್ನು ಬಿಚ್ಚಿ ನೇರವಾಗಿ ಸಾಟಾಕ್ಕೆ ಹಾಕಿದ್ದೀರಾ? ಕೆಲವು ಪೆಟ್ಟಿಗೆಗಳು ಡೇಟಾ ಬರೆಯುವ ಲೆಕ್ಕವನ್ನೇ ಬದಲಿಸುತ್ತವೆ, ಕೆಲವು ಗೂಢಲಿಪಿಗೂ ತಿರುಗಿಸುತ್ತವೆ. ಮತ್ತೆ ಅದೇ ಪೆಟ್ಟಿಗೆಯಲ್ಲಿ ಹಾಕಿ ನೋಡಿ. ಎರಡೂ ಅಲ್ಲದಿದ್ದರೆ ಹಂತ 7ಕ್ಕೆ ಹೋಗಿ, ಮೊದಲು ನಕಲು.

ಕಪ್ಪು ಪಟ್ಟಿ, "ಅನ್‌ಅಲೊಕೇಟೆಡ್" ಅಂತಿದ್ದರೆ ಪಾರ್ಟಿಶನ್ನಿನ ಪಟ್ಟಿ ಅಳಿಸಿಹೋಗಿದೆ. ಹೊಚ್ಚ ಹೊಸ ಡ್ರೈವ್ ಆದರೆ ಇದು ಸಹಜ, ಧೈರ್ಯವಾಗಿ ಇನಿಶಿಯಲೈಸ್ ಮಾಡಿ, ಪಾರ್ಟಿಶನ್ ಪಟ್ಟಿ ಬರೆಯುವ ಹೊಸ ಪದ್ಧತಿಯಾದ ಜಿಪಿಟಿ ಆರಿಸಿ. ಹಳೆಯ ಎಂಬಿಆರ್ ಪದ್ಧತಿ ಸುಮಾರು 2 ಟಿಬಿಗಿಂತ ಮೇಲಿನ ಜಾಗವನ್ನು ತೋರಿಸುವುದಿಲ್ಲ. ಫೈಲ್ ಇದ್ದ ಡ್ರೈವ್ ಆದರೆ ಮುಟ್ಟಬೇಡಿ, ಹಂತ 7.

ಇಲ್ಲೂ ಕಾಣದಿದ್ದರೆ ಡಿವೈಸ್ ಮ್ಯಾನೇಜರ್ ತೆರೆದು, ಡಿಸ್ಕ್ ಡ್ರೈವ್ಸ್ ಅಡಿಯಲ್ಲಿ ನೋಡಿ. ಹಳದಿ ಗುರುತು ಇದ್ದರೆ ಆ ಡ್ರೈವನ್ನು ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಇದರಿಂದ ಫೈಲ್ ಅಳಿಸುವುದಿಲ್ಲ. ರೀಸ್ಟಾರ್ಟೇ ಮಾಡಿ. ವಿಂಡೋಸಿನ ಮಾಮೂಲಿ ಶಟ್ ಡೌನ್ ಎಷ್ಟೋ ಸಲ ಪೂರ್ತಿ ಆಫ್ ಮಾಡುವುದಿಲ್ಲ, ಅರ್ಧ ನಿದ್ದೆಯಲ್ಲಿ ಇಟ್ಟಿರುತ್ತದೆ.

ಹಂತ 5: ಬೇರೆ ಕಂಪ್ಯೂಟರಿಗೆ ಹಾಕಿ ನೋಡಿ

ಕನ್ವರ್ಟರ್ ಬಳಸಿ ಪಕ್ಕದ ಮನೆಯ ಅಥವಾ ಆಫೀಸಿನ ಕಂಪ್ಯೂಟರಿಗೆ ಹಾಕಿ. ಅಲ್ಲಿ ಕಂಡರೆ ತೊಂದರೆ ನಿಮ್ಮ ಕಂಪ್ಯೂಟರಿನದ್ದು. ಅಲ್ಲೂ ಇಲ್ಲ ಅಂದರೆ ಡ್ರೈವಿನದ್ದು. ಅಲ್ಲಿನವರಿಗೆ ಮೊದಲೇ ಹೇಳಿಡಿ, ಫಾರ್ಮ್ಯಾಟ್ ಕೇಳಿದರೆ ಒತ್ತಬೇಡಿ ಅಂತ.

ಹಂತ 6: ಎಸ್‌ಎಸ್‌ಡಿಗೆ ಮಾತ್ರ

ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡಿದ ದಿನ ಎಸ್‌ಎಸ್‌ಡಿ ಮಾಯವಾಯಿತು ಅಂತ ಹೇಳುವವರು ಬಹಳ. ಬರೆಯುತ್ತಿರುವಾಗ ಕರೆಂಟ್ ಹೋದರೆ ಯಾವ ಫೈಲ್ ಯಾವ ಚಿಪ್ಪಿನಲ್ಲಿದೆ ಅನ್ನುವ ಒಳಗಿನ ನಕ್ಷೆ ಗೊಂದಲಕ್ಕೆ ಬೀಳುತ್ತದೆ. ಕೆಲವು ಎಸ್‌ಎಸ್‌ಡಿಗಳು ಸಮಯ ಕೊಟ್ಟರೆ ತಾವೇ ಅದನ್ನು ಸರಿಮಾಡಿಕೊಳ್ಳುತ್ತವೆ.

ಸಾಟಾ ಎಸ್‌ಎಸ್‌ಡಿ ಆದರೆ ಡೇಟಾ ಕೇಬಲ್ ತೆಗೆದು, ಬರೀ ಕರೆಂಟಿನ ಕೇಬಲ್ ಇಟ್ಟು, ಕಂಪ್ಯೂಟರ್ ಆನ್ ಮಾಡಿ 20 ನಿಮಿಷ ಬಿಡಿ. ಆಫ್ ಮಾಡಿ 30 ಸೆಕೆಂಡು ಕಾಯಿರಿ. ಮತ್ತೊಮ್ಮೆ 20 ನಿಮಿಷ. ಆಮೇಲೆ ಡೇಟಾ ಕೇಬಲ್ ಹಾಕಿ ನೋಡಿ. ಲ್ಯಾಪ್‌ಟಾಪಿನಲ್ಲಿ ಕೇಬಲ್ ಬೇರೆ ಮಾಡಲಾಗದಿದ್ದರೆ ಬಯೋಸ್ ಪುಟದಲ್ಲೇ ಅಷ್ಟು ಹೊತ್ತು ಬಿಡಿ, ಚಾರ್ಜರ್ ಹಾಕಿರಿ. ಎಲ್ಲ ಎಸ್‌ಎಸ್‌ಡಿಗೂ ಇದು ಕೆಲಸ ಮಾಡುವುದಿಲ್ಲ. ಆದರೆ ಇದರಿಂದ ಹಾನಿಯಿಲ್ಲ, ಹಾಗಾಗಿ ಮಾಡಿ ನೋಡಿ.

ಇನ್ನೊಂದು ಮಾತು. ಎಸ್‌ಎಸ್‌ಡಿಯಲ್ಲಿ ಫೈಲ್ ಅಳಿಸಿದರೆ ಟ್ರಿಮ್ ಅನ್ನುವ ವ್ಯವಸ್ಥೆ ಆ ಜಾಗವನ್ನು ತಾನೇ ಗುಡಿಸಿಬಿಡುತ್ತದೆ. ಹಾರ್ಡ್ ಡಿಸ್ಕಿನ ಹಾಗೆ ಆಮೇಲೆ ಹೆಕ್ಕಿ ತೆಗೆಯೋಣ ಅಂದುಕೊಳ್ಳಬೇಡಿ. ಎಸ್‌ಎಸ್‌ಡಿಯನ್ನು ಫಾರ್ಮ್ಯಾಟ್ ಮಾಡುವುದು ಅಂದರೆ ಹೆಚ್ಚು ಕಡಿಮೆ ಕೊನೆಯ ಮಾತು.

ಹಂತ 7: ಕಾಣಿಸಿತೇ? ಮೊದಲು ನಕಲು

ಕೇಬಲ್ ಬದಲಿಸಿ ಡ್ರೈವ್ ಬಂತು ಅಂದ ಕೂಡಲೇ ಬಹಳ ಜನ ನಿಟ್ಟುಸಿರು ಬಿಟ್ಟು ಮೊದಲಿನ ಹಾಗೆ ಬಳಸಲು ಶುರುಮಾಡುತ್ತಾರೆ. ಬೇಡ. ಅದು ಮುಂದಿನ ಸಲ ಏಳುತ್ತದೆ ಅನ್ನುವ ಖಾತ್ರಿ ಇಲ್ಲ. ಬೇರೆ ಡ್ರೈವಿಗೆ ಈಗಲೇ ನಕಲು ಮಾಡಿ. ಎಲ್ಲಕ್ಕಿಂತ ಬೇಕಾದ್ದು ಮೊದಲು: ಫೋಟೋ, ಲೆಕ್ಕ, ಕಾಗದಪತ್ರ. ಸಿನಿಮಾ ಕೊನೆಗೆ.

ಆಮೇಲೆ ಕ್ರಿಸ್ಟಲ್ ಡಿಸ್ಕ್ ಇನ್ಫೊ ಅನ್ನುವ ಉಚಿತ ತಂತ್ರಾಂಶ ಹಾಕಿ ಡ್ರೈವಿನ ಆರೋಗ್ಯ ನೋಡಿ. ಡ್ರೈವ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ಅನ್ನುವ ದಾಖಲೆಯನ್ನು ಅದು ಓದುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಮೂರು ಸಾಲು ಮುಖ್ಯ. 05 ಅಂದರೆ ಕೆಟ್ಟು ಬದಲಿಸಿದ ಜಾಗಗಳು. ಸಿ5 ಅಂದರೆ ಓದಲು ಆಗದೆ ಕಾಯುತ್ತಿರುವ ಜಾಗಗಳು. ಈ ಎರಡು ಸೊನ್ನೆಗಿಂತ ಮೇಲಿದ್ದು ದಿನದಿಂದ ದಿನಕ್ಕೆ ಏರುತ್ತಿದ್ದರೆ ಡ್ರೈವ್ ಹೋಗುವ ದಾರಿಯಲ್ಲಿದೆ. ಸಿ7 ಏರಿದ್ದರೆ ತಪ್ಪು ಹೆಚ್ಚಾಗಿ ಕೇಬಲಿನದ್ದು. ಕೇಬಲ್ ಬದಲಿಸಿದ ಮೇಲೆ ಆ ಸಂಖ್ಯೆ ಇಳಿಯುವುದಿಲ್ಲ. ಏರುವುದು ನಿಂತರೆ ಸಾಕು.

ನಕಲು ಮಾಡುವಾಗ ಡ್ರೈವ್ ತಡವರಿಸಿದರೆ, ನಿಂತು ನಿಂತು ಹೋದರೆ, ಡ್ರೈವಿನ ತಪ್ಪು ಹುಡುಕಿ ಸರಿಪಡಿಸಲು ವಿಂಡೋಸಿನಲ್ಲೇ ಇರುವ ಚೆಕ್ ಡಿಸ್ಕ್ ಓಡಿಸಬೇಡಿ. ಅಂಗಡಿಯವರೂ ಮೊದಲು ಹೇಳುವುದು ಅದನ್ನು ಓಡಿಸಿ ಅಂತಲೇ, ಹಾಗಾಗಿ ಒತ್ತಿ ಹೇಳುತ್ತಿದ್ದೇನೆ. ಚೆಕ್ ಡಿಸ್ಕ್ ಸಾಯುತ್ತಿರುವ ಡ್ರೈವಿನ ಮೇಲೆಯೇ ಬರೆಯುತ್ತದೆ, ಓದಲು ಆಗದ ಫೈಲುಗಳ ಹೆಸರನ್ನೂ ಕಿತ್ತುಹಾಕಬಹುದು. ಅದರ ಬದಲು ಲಿನಕ್ಸಿನಲ್ಲಿ ಸಿಗುವ ಡಿಡಿ ರೆಸ್ಕ್ಯೂ ಅನ್ನುವ ನಕಲು ತಂತ್ರಾಂಶ ಬಳಸಿ. ಅದು ಸಲೀಸಾಗಿ ಓದುವ ಜಾಗವನ್ನು ಮೊದಲು ನಕಲು ಮಾಡಿ, ಕಷ್ಟದ ಜಾಗಕ್ಕೆ ಆಮೇಲೆ ಬರುತ್ತದೆ. ಎಲ್ಲಿಗೆ ನಿಂತಿತ್ತು ಅಂತಲೂ ಬರೆದಿಟ್ಟುಕೊಳ್ಳುತ್ತದೆ, ಮಧ್ಯೆ ನಿಂತರೂ ಮುಂದುವರಿಸಬಹುದು. ಮೂಲ ಯಾವುದು, ನಕಲು ಹೋಗಬೇಕಾದ್ದು ಯಾವುದು ಅಂತ ಎರಡು ಸಲ ನೋಡಿ. ತಿರುಗುಮುರುಗಾದರೆ ಖಾಲಿ ಡ್ರೈವ್ ನಿಮ್ಮ ಫೈಲುಗಳ ಮೇಲೆ ಬರೆಯುತ್ತದೆ. ಇದು ಕಷ್ಟ ಅನ್ನಿಸಿದರೆ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ನಕಲು ಸಿಕ್ಕಿದ ಮೇಲೆ, ಆ ನಕಲಿನ ಮೇಲೆ ಮಾತ್ರ ಟೆಸ್ಟ್ ಡಿಸ್ಕ್ ಅನ್ನುವ ತಂತ್ರಾಂಶ ಓಡಿಸಿ ಕಳೆದುಹೋದ ಪಾರ್ಟಿಶನ್ ಹುಡುಕಿ. ಬರೀ ಫೋಟೋ, ವಿಡಿಯೊ ಸಾಕು ಅಂದರೆ ಫೋಟೋ ರೆಕ್. ಎರಡೂ ಉಚಿತ. ಸಿಕ್ಕ ಫೈಲುಗಳನ್ನು ಮತ್ತೆ ಅದೇ ಹಳೆಯ ಡ್ರೈವಿಗೆ ಹಾಕಬೇಡಿ.

ಡ್ರೈವ್ ನೀರಿನಲ್ಲಿ ನೆನೆದಿದ್ದರೆ

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದ ನೆನಪು ಮುಂಬೈಯವರಿಗೆ ಇನ್ನೂ ಹಸಿಯಾಗಿದೆ. ನೆಲ ಅಂತಸ್ತಿನಲ್ಲಿ ಅಂಗಡಿ, ಹೋಟೆಲ್ ಇರುವವರಿಗೆ ಈಗಲೂ ಮಳೆಗಾಲದಲ್ಲಿ ಇದು ನಿಜವಾದ ಭಯ. ನೆನೆದ ಡಿಸ್ಕಿಗೆ ಕರೆಂಟ್ ಕೊಡಬೇಡಿ. ಹೇರ್ ಡ್ರೈಯರ್ ಬೇಡ, ಅಕ್ಕಿ ಡಬ್ಬಿಯಲ್ಲಿ ಹೂಳುವುದೂ ಬೇಡ. ಅನೇಕ ಹಾರ್ಡ್ ಡಿಸ್ಕುಗಳಲ್ಲಿ ಗಾಳಿ ಆಡಲು ಒಂದು ಸಣ್ಣ ತೂತು ಇರುತ್ತದೆ, ಅದರಿಂದ ಕೊಳಚೆ ನೀರು ಒಳಗೆ ಹೋಗಿರಬಹುದು. ಒಣಗಿದರೆ ಕೆಸರು, ಉಪ್ಪು ತಟ್ಟೆಗೆ ಅಂಟಿ ಕೂರುತ್ತದೆ. ಒದ್ದೆ ಇರುವಾಗಲೇ ಗಾಳಿಯಾಡದ ಚೀಲದಲ್ಲಿ ಹಾಕಿ ಬಿಗಿದು, ಬೇಗನೆ ಡೇಟಾ ರಿಕವರಿಯವರಿಗೆ ತಲುಪಿಸಿ.

ಕೊಡುವ ಮುಂಚೆ ಕೇಳಬೇಕಾದ್ದು

ಡೇಟಾ ರಿಕವರಿ ಅಂದರೆ ಕೆಟ್ಟ ಡ್ರೈವಿನಿಂದ ಫೈಲ್ ಹೊರತೆಗೆಯುವ ಕೆಲಸ. ಕಂಪ್ಯೂಟರ್ ರಿಪೇರಿ ಅಂಗಡಿಯ ಕೆಲಸ ಬೇರೆ, ಇದು ಬೇರೆ. ಹೆಡ್ ಬದಲಿಸಲು ಧೂಳಿಲ್ಲದ ಕ್ಲೀನ್ ರೂಮ್ ಅಥವಾ ಅಂಥದ್ದೇ ಪೆಟ್ಟಿಗೆ ಬೇಕು. ಡಿಸ್ಕನ್ನು ಎಲ್ಲಿ ಬಿಚ್ಚುತ್ತೀರಿ ಅಂತ ನೇರವಾಗಿ ಕೇಳಿ. ಕೌಂಟರಿನ ಮೇಲೆಯೇ ಬಿಚ್ಚಿ ನೋಡುತ್ತೇವೆ ಅಂದರೆ ವಾಪಸ್ ಬನ್ನಿ. "ಇದೇ ಮಾಡೆಲಿನ ಬೋರ್ಡ್ ಬದಲಿಸಿದರೆ ಸಾಕು" ಅಂದರೂ ಎಚ್ಚರ. ಈಗಿನ ಡಿಸ್ಕುಗಳ ಬೋರ್ಡಿನಲ್ಲಿ ಆ ಒಂದು ಡಿಸ್ಕಿಗೇ ಸೇರಿದ ಮಾಹಿತಿ ಇರುವ ಚಿಪ್ ಇರುತ್ತದೆ. ಅದನ್ನೂ ಹೊಸ ಬೋರ್ಡಿಗೆ ವರ್ಗಾಯಿಸದೆ ಡಿಸ್ಕ್ ಏಳುವುದಿಲ್ಲ.

ಪರೀಕ್ಷೆಗೆ ಎಷ್ಟು, ಕೆಲಸಕ್ಕೆ ಎಷ್ಟು, ಫೈಲ್ ಸಿಗದಿದ್ದರೆ ಎಷ್ಟು ಅಂತ ಕಾಗದದಲ್ಲಿ ಬರೆಸಿಕೊಳ್ಳಿ. ಹಣ ಕೊಡುವ ಮುಂಚೆ ಸಿಕ್ಕ ಫೈಲುಗಳ ಪಟ್ಟಿ ತೋರಿಸಲು ಹೇಳಿ, ನಾಲ್ಕಾರು ಫೈಲ್ ತೆರೆದು ನೋಡಿ. ಹೆಸರು ಇದ್ದು ಒಳಗೆ ಏನೂ ಇಲ್ಲದ ಫೈಲುಗಳೂ ಬರುತ್ತವೆ.

ವಾರಂಟಿ ಇದೆ ಅಂತ ಡ್ರೈವನ್ನು ಕಂಪನಿಗೆ ಕಳಿಸುವ ಯೋಚನೆ ಇದ್ದರೆ, ವಾರಂಟಿಯಲ್ಲಿ ಬರುವುದು ಬೇರೆ ಡ್ರೈವ್. ನಿಮ್ಮ ಹಳೆಯದು ಫೈಲುಗಳ ಸಮೇತ ಅಲ್ಲೇ ಉಳಿಯುತ್ತದೆ. ಮೊದಲು ಫೈಲ್, ಆಮೇಲೆ ವಾರಂಟಿ.

ಡ್ರೈವನ್ನು ಲೋಕಲ್ ಟ್ರೇನಿನಲ್ಲಿ ಒಯ್ಯುವುದಾದರೆ ದಪ್ಪ ಬಟ್ಟೆ ಅಥವಾ ಬಬಲ್ ಪ್ಲಾಸ್ಟಿಕ್ ಸುತ್ತಿ, ಬ್ಯಾಗನ್ನು ಎದೆಗೆ ಹಿಡಿದುಕೊಳ್ಳಿ. ಬಾಗಿಲ ಹತ್ತಿರ ನಿಲ್ಲಬೇಡಿ, ಮಧ್ಯಾಹ್ನ ಜನ ಕಡಿಮೆ ಇರುವಾಗ ಹೊರಡಿ. ಕೌಂಟರಿನಲ್ಲಿ ಕೊಡುವ ಮುಂಚೆ ಡ್ರೈವಿನ ಲೇಬಲಿನ ಫೋಟೋ ತೆಗೆದುಕೊಳ್ಳಿ, ಸೀರಿಯಲ್ ನಂಬರನ್ನು ರಸೀದಿಯಲ್ಲೂ ಬರೆಸಿ. ವಾಪಸ್ ತೆಗೆದುಕೊಳ್ಳುವ ದಿನ ಅದೇ ನಂಬರ್ ಇದೆಯೇ ಅಂತ ಅಲ್ಲೇ ನಿಂತು ತಾಳೆ ನೋಡಿ.